ಇಲಿಯನ್ನು ನೀರಿಗೆ ಬಿಟ್ಟು ಖಿನ್ನತೆ ಅಳೆಯಬಹುದಾ?

ಬಿಳಿಮೂಷಿಕ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾನು ಫಾರ್ಮಕಾಲಜಿ ಸ್ನಾತಕೋತ್ತರ ವಿದ್ಯಾರ್ಥಿನಿ. ಒಂದು ಗಿಡದ ಸಾರಕ್ಕೆ ಖಿನ್ನತೆ ಕಡಿಮೆ ಮಾಡುವ ಗುಣ ಇದೆಯಾ ಎಂದು ನೋಡುವುದು ನನ್ನ ಪ್ರಾಜೆಕ್ಟ್. ಗೈಡ್ ಎರಡು ಪರೀಕ್ಷೆ ಹೇಳಿದ್ದಾರೆ. ಒಂದು ಫೋರ್ಸ್ಡ್ ಸ್ವಿಮ್, ಇನ್ನೊಂದು ಟೇಲ್ ಸಸ್ಪೆನ್ಷನ್.

ಗೊತ್ತಿಲ್ಲದವರಿಗೆ ಹೇಳುವುದಾದರೆ, ಮೊದಲನೆಯದರಲ್ಲಿ ಇಲಿಯನ್ನು ನೀರು ತುಂಬಿದ ಎತ್ತರದ ಗಾಜಿನ ಪಾತ್ರೆಗೆ ಬಿಡುತ್ತಾರೆ. ಕಾಲು ತಳ ಮುಟ್ಟುವುದಿಲ್ಲ, ಹತ್ತಿ ಹೊರಗೆ ಬರಲೂ ಆಗುವುದಿಲ್ಲ. ಸ್ವಲ್ಪ ಹೊತ್ತು ಜೋರಾಗಿ ಈಜುತ್ತದೆ, ಗೋಡೆ ಕೆರೆಯುತ್ತದೆ. ಆಮೇಲೆ ಮೂಗು ಮಾತ್ರ ಮೇಲಿಟ್ಟುಕೊಂಡು ಸುಮ್ನೆ ತೇಲುತ್ತದೆ. ಹಾಗೆ ತೇಲಿದ ಸೆಕೆಂಡುಗಳನ್ನು ಎಣಿಸಬೇಕು. ಔಷಧಿ ಕೊಟ್ಟ ಇಲಿ ಕಡಿಮೆ ಹೊತ್ತು ತೇಲಿದರೆ ಔಷಧಿ ಕೆಲಸ ಮಾಡಿತು ಎಂದು ಲೆಕ್ಕ. ಎರಡನೆಯದರಲ್ಲಿ ಬಾಲಕ್ಕೆ ಟೇಪ್ ಹಚ್ಚಿ ಆರು ನಿಮಿಷ ತಲೆಕೆಳಗಾಗಿ ನೇತುಹಾಕುತ್ತಾರೆ. ಅಲ್ಲೂ ಎಣಿಸುವುದು ಒದ್ದಾಡದೆ ಇದ್ದ ಹೊತ್ತನ್ನೇ.

ಎಥಿಕ್ಸ್ ಕಮಿಟಿಗೆ ಅರ್ಜಿ ಬರೆಯಬೇಕು. "ಈ ಪರೀಕ್ಷೆ ಯಾಕೆ ಬೇಕು" ಎಂಬ ಕಾಲಂ ಖಾಲಿ ಇದೆ. ಹಿಂದಿನ ವರ್ಷದವರು ಬರೆದದ್ದನ್ನೇ ನಕಲು ಮಾಡು ಅಂತ ಸೀನಿಯರ್ ಒಬ್ಬರು ಹೇಳಿದರು. ಅದನ್ನು ಓದಿದೆ. ಎಲ್ಲರೂ ಮಾಡುತ್ತಾರೆ, ಅದಕ್ಕೇ ನಾವೂ ಮಾಡುತ್ತೇವೆ ಅನ್ನುವುದು ಬಿಟ್ಟರೆ ಅದರಲ್ಲಿ ಏನೂ ಇಲ್ಲ. ಇಲ್ಲಿ ಈ ಕೆಲಸ ಮಾಡಿದವರು ಇದ್ದರೆ ಹೇಳಿ, ಈ ಪರೀಕ್ಷೆ ನಿಜವಾಗಿ ಏನನ್ನು ಅಳೆಯುತ್ತದೆ?

ಕಾಡುಬೆಕ್ಕು

ಏನನ್ನೂ ಅಳೆಯುವುದಿಲ್ಲ. ಮುಳುಗುವ ಭಯದಲ್ಲಿರುವ ಪ್ರಾಣಿ ಸುಸ್ತಾಗಿ ನಿಲ್ಲುತ್ತದೆ, ಅಷ್ಟೇ. ಅದನ್ನು ನೋಡಿ ಮನುಷ್ಯರ ಮನಸ್ಸಿನ ಕಾಯಿಲೆಗೆ ಮದ್ದು ಹುಡುಕುತ್ತೇವೆ ಅನ್ನುವವರಿಗೆ ನಾಚಿಕೆ ಆಗಬೇಕು. ಆ ಕಾಲಂ ಖಾಲಿ ಬಿಡು ತಂಗಿ. ಅದೇ ಸರಿಯಾದ ಉತ್ತರ.

ಹಳೇ ಲ್ಯಾಬ್ ಕೋಟು

ಕಾಡುಬೆಕ್ಕು ಅವರೇ, ಸಿಟ್ಟು ಅರ್ಥವಾಗುತ್ತದೆ. ಆದರೆ "ಏನನ್ನೂ ಅಳೆಯುವುದಿಲ್ಲ" ಅನ್ನುವುದು ಪೂರ್ತಿ ನಿಜ ಅಲ್ಲ. ಅದು ಒಂದನ್ನು ಅಳೆಯುತ್ತದೆ. ನಾವು ಅದಕ್ಕೆ ಹೊರಿಸಿದ್ದು ಇನ್ನೊಂದನ್ನು. ನಾನು ಬಹಳ ವರ್ಷ ಈ ಕೆಲಸ ಮಾಡಿದವನು, ಈಗ ಬಿಟ್ಟಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆ ಇರಲಿ.

1977ರಲ್ಲಿ ರೋಜರ್ ಪೋರ್ಸೋಲ್ಟ್ ಮತ್ತು ಜೊತೆಗಾರರು ಇದನ್ನು ಪ್ರಕಟಿಸಿದರು. ರ್ಯಾಟ್ (ದೊಡ್ಡ ಜಾತಿಯ ಇಲಿ) ಆದರೆ ಮೊದಲ ದಿನ 15 ನಿಮಿಷ ನೀರಿನಲ್ಲಿ, ಮಾರನೇ ದಿನ ಮತ್ತೆ 5 ನಿಮಿಷ. ಎಣಿಸುವುದು ಎರಡನೇ ದಿನದ್ದನ್ನು. ಮೌಸ್ (ಸಣ್ಣ ಜಾತಿಯದು) ಆದರೆ ಒಂದೇ ಸಲ ಆರು ನಿಮಿಷ, ಕೊನೆಯ ನಾಲ್ಕು ನಿಮಿಷದ ಲೆಕ್ಕ. ಆಗ ಗೊತ್ತಿದ್ದ ಖಿನ್ನತೆಯ ಔಷಧಿಗಳನ್ನು ಕೊಟ್ಟರೆ ಇಲಿಗಳು ಜಾಸ್ತಿ ಹೊತ್ತು ಒದ್ದಾಡಿದವು. ಔಷಧಿ ಕಂಪನಿಗಳಿಗೆ ಅದೇ ಬೇಕಿತ್ತು. ನೂರಾರು ರಾಸಾಯನಿಕಗಳಲ್ಲಿ ಯಾವುದು ಹಳೆಯ ಔಷಧಿಯ ಥರ ವರ್ತಿಸುತ್ತದೆ ಎಂದು ಬೇಗ ಸೋಸಲು ಒಂದು ಜರಡಿ. ಜರಡಿಯಾಗಿ ಅದು ಕೆಟ್ಟದ್ದೇನೂ ಆಗಿರಲಿಲ್ಲ.

ತಪ್ಪು ಆದದ್ದು ಆಮೇಲೆ. ಇಲಿ ತೇಲಿತು ಎಂದರೆ ಅದು "ಕೈಚೆಲ್ಲಿತು", ಅಂದರೆ ಅದಕ್ಕೆ ಖಿನ್ನತೆ ಬಂತು ಎಂದು ಬರೆಯಲು ಶುರು ಮಾಡಿದರು. ಒಂದು ಜೀನ್ ತೆಗೆದು ನೋಡಿದರು, ಇಲಿ ಜಾಸ್ತಿ ತೇಲಿತು, "ಖಿನ್ನ ಇಲಿ" ಸಿಕ್ಕಿತು. ಮರಿಯಿದ್ದಾಗ ತಾಯಿಯಿಂದ ಬೇರೆ ಮಾಡಿದರು, ಜಾಸ್ತಿ ತೇಲಿತು, ಅದೂ "ಖಿನ್ನ ಇಲಿ". ಇದಕ್ಕೆ ಆಧಾರ ಎಲ್ಲಿದೆ? ಹೊರಗೆ ಹೋಗಲು ದಾರಿಯೇ ಇಲ್ಲ ಎಂದು ಕಲಿತ ಪ್ರಾಣಿ ಶಕ್ತಿ ಉಳಿಸಿಕೊಳ್ಳುವುದು ಜಾಣತನವೂ ಇರಬಹುದಲ್ವಾ? ತೇಲುವ ಇಲಿ ಮುಳುಗುವುದಿಲ್ಲ ಕೂಡ. 2015ರಲ್ಲಿ ಮೋಲೆಂಡೈಕ್ ಮತ್ತು ಡಿ ಕ್ಲೋಟ್ ಎಂಬ ಸಂಶೋಧಕರು ಇದನ್ನೇ ನೇರವಾಗಿ ಬರೆದರು: ತೇಲುವುದು ಪರಿಸ್ಥಿತಿಗೆ ಹೊಂದಿಕೊಳ್ಳುವ ನಡವಳಿಕೆ, ಖಿನ್ನತೆಯ ಗುರುತು ಅಲ್ಲ ಎಂದು.

ಇನ್ನೂ ಎರಡು ಮೂರು ತೊಡಕು ಇವೆ. ಮನುಷ್ಯರಿಗೆ ಈ ಔಷಧಿಗಳು ಹಿಡಿಯಲು ಕೆಲವು ವಾರ ಬೇಕು. ಈ ಪರೀಕ್ಷೆಯಲ್ಲಿ ಒಂದೇ ದಿನದಲ್ಲಿ ಕೊಟ್ಟ ಡೋಸ್‌ಗೇ ಇಲಿ ಬದಲಾಗುತ್ತದೆ. ಹಾಗಾದರೆ ನಾವು ನೋಡುತ್ತಿರುವುದು ಕಾಯಿಲೆ ವಾಸಿಯಾಗುವುದನ್ನಾ, ಔಷಧಿ ಮಿದುಳಿಗೆ ತಲುಪಿದ್ದನ್ನಾ? ಆಂಫೆಟಮಿನ್, ಕೆಫೀನ್ ಥರದ ಉತ್ತೇಜಕ ಕೊಟ್ಟರೂ ಇಲಿ ಜೋರಾಗಿ ಈಜುತ್ತದೆ. ಅದಕ್ಕೇ ಪಕ್ಕದಲ್ಲಿ ಓಪನ್ ಫೀಲ್ಡ್ (ಖಾಲಿ ಪೆಟ್ಟಿಗೆಯಲ್ಲಿ ಓಡಾಟ ಎಣಿಸುವ) ಪರೀಕ್ಷೆ ಮಾಡಿ, ಸುಮ್ನೆ ಓಡಾಟ ಜಾಸ್ತಿಯಾಗಿದೆಯಾ ಎಂದು ನೋಡಲೇಬೇಕು. ತಮಾಷೆ ಏನೆಂದರೆ ಇವತ್ತು ಅತಿ ಹೆಚ್ಚು ಬರೆಯುವ ಎಸ್‌ಎಸ್‌ಆರ್‌ಐ ಗುಂಪಿನ (ಮಿದುಳಿನ ಸೆರೊಟೊನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುವ) ಮಾತ್ರೆಗಳು ಪೋರ್ಸೋಲ್ಟ್ ಅವರ ಮೂಲ ಪದ್ಧತಿಯಲ್ಲಿ ರ್ಯಾಟ್‌ಗಳಲ್ಲಿ ಸರಿಯಾಗಿ ಸಿಕ್ಕಿಬೀಳುತ್ತಲೇ ಇರಲಿಲ್ಲ. 1995ರ ಹೊತ್ತಿಗೆ ಈಜುವುದು, ಗೋಡೆ ಹತ್ತುವುದು ಎಂದು ಬೇರೆ ಬೇರೆ ಎಣಿಸಲು ಶುರು ಮಾಡಿದ ಮೇಲೆ ಕಂಡವು. ಎಸ್‌ಎಸ್‌ಆರ್‌ಐ ಕೊಟ್ಟರೆ ಈಜು ಜಾಸ್ತಿ, ನಾರ್‌ಎಪಿನೆಫ್ರಿನ್ ಎಂಬ ಇನ್ನೊಂದು ರಾಸಾಯನಿಕದ ಮೇಲೆ ಕೆಲಸ ಮಾಡುವ ಔಷಧಿ ಕೊಟ್ಟರೆ ಹತ್ತುವುದು ಜಾಸ್ತಿ.

ನಿನ್ನ ಟೇಲ್ ಸಸ್ಪೆನ್ಷನ್ ಬಗ್ಗೆ ಒಂದು ಮಾತು. ಯಾವ ಸ್ಟ್ರೈನ್ (ಇಲಿಯ ತಳಿ) ತೆಗೆದುಕೊಳ್ಳುತ್ತೀಯ? ಸಿ57 ಬ್ಲ್ಯಾಕ್ 6 ಆದರೆ ಅವು ತಮ್ಮ ಬಾಲವನ್ನೇ ಹಿಡಿದು ಮೇಲೆ ಹತ್ತಿ ಕೂತುಬಿಡುತ್ತವೆ. ಸ್ಟಾಪ್‌ವಾಚ್ ಹಿಡಿದವರು ಅದನ್ನು "ಅಲುಗಾಡಲಿಲ್ಲ" ಎಂದು ಬರೆದುಕೊಳ್ಳುತ್ತಾರೆ!

ಮಾತ್ರೆ ಡಬ್ಬಿ

ನಾನು ವಿಜ್ಞಾನ ಓದಿದವಳಲ್ಲ. ಖಿನ್ನತೆ ಇರುವವಳು. ನನಗೆ ಹಿಡಿಯುವ ಮಾತ್ರೆ ಸಿಗುವ ಹೊತ್ತಿಗೆ ಎರಡು ಬೇರೆ ಮಾತ್ರೆ ಬದಲಾಗಿದ್ದವು. ಆ ಸಮಯ ಹೇಗೆ ಕಳೆಯಿತು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ.

ಮೇಲಿನದು ಓದಿ ಎರಡು ಥರ ಅನ್ನಿಸಿತು. ಒಂದು, ನನ್ನ ಕಾಯಿಲೆಗೂ ನೀರಿನಲ್ಲಿ ತೇಲುವುದಕ್ಕೂ ಸಂಬಂಧ ಇಲ್ಲ. ನನಗೆ ಇದ್ದದ್ದು ತಪ್ಪಿತಸ್ಥ ಭಾವನೆ. ಯಾವ ತಪ್ಪೂ ಮಾಡದೆ ಎಲ್ಲಕ್ಕೂ ನಾನೇ ಕಾರಣ ಅನ್ನಿಸುವುದು. ನಾನು ಇದ್ದರೂ ಒಂದೇ ಹೋದರೂ ಒಂದೇ ಅನ್ನುವ ಯೋಚನೆ. ಇಲಿಗೆ ಅದು ಇರುತ್ತದಾ? ಇದ್ದರೂ ನಿಮಗೆ ಹೇಗೆ ಗೊತ್ತಾಗುತ್ತದೆ?

ಇನ್ನೊಂದು, ಕಾಡುಬೆಕ್ಕು ಅವರೇ, ಆ ಮಾತ್ರೆ ಇಲ್ಲದಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲ. ಹಾಗಾಗಿ ಎಲ್ಲ ಪಂಜರ ಮುಚ್ಚಿ ಅನ್ನಲು ನನ್ನ ಬಾಯಿ ಬರುವುದಿಲ್ಲ.

ಕಾಡುಬೆಕ್ಕು

ಮಾತ್ರೆ ಡಬ್ಬಿ ಅವರೇ, ನಿಮ್ಮ ಮಾತ್ರೆಯ ಮೇಲೆ ನನಗೆ ಜಗಳ ಇಲ್ಲ. ಚೆನ್ನಾಗಿರಿ.

ಆದರೆ ಈ ಕ್ಷೇತ್ರದ ಹಳೇ ಕಥೆ ಸ್ವಲ್ಪ ಓದಿ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹ್ಯಾರಿ ಹಾರ್ಲೋ ಮರಿ ಕೋತಿಗಳನ್ನು ಸ್ಟೀಲಿನ ಆಳದ ಗುಂಡಿಯಂಥ ಪಂಜರದಲ್ಲಿ ಒಂಟಿಯಾಗಿ ವಾರಗಟ್ಟಲೆ ಇಟ್ಟ. ಅದಕ್ಕೆ ಅವನೇ ಇಟ್ಟ ಹೆಸರು ಹತಾಶೆಯ ಕೂಪ. ಹೊರಗೆ ತೆಗೆದಾಗ ಅವು ಮೂಲೆಯಲ್ಲಿ ಮುದುಡಿ ಕೂತಿದ್ದವು. ಮರಿಯನ್ನು ಒಂಟಿಯಾಗಿ ಕೂಡಿಹಾಕಿದರೆ ಹಾಳಾಗುತ್ತದೆ ಎಂದು ತಿಳಿಯಲು ಅದು ಬೇಕಿತ್ತಾ? ಅದಕ್ಕೂ ಮುಂಚೆ 1967ರಲ್ಲಿ ಸೆಲಿಗ್ಮನ್ ಮತ್ತು ಮೇಯರ್ ನಾಯಿಗಳಿಗೆ ಕರೆಂಟ್ ಶಾಕ್ ಕೊಟ್ಟರು. ತಪ್ಪಿಸಿಕೊಳ್ಳಲಾಗದ ಶಾಕ್ ತಿಂದ ನಾಯಿಗಳು ಆಮೇಲೆ ದಾರಿ ಇದ್ದರೂ ಹಾರಿ ಹೋಗದೆ ಮಲಗಿಬಿಟ್ಟವು. "ಕಲಿತ ಅಸಹಾಯಕತೆ" ಅಂತ ದೊಡ್ಡ ಸಿದ್ಧಾಂತವೇ ಆಯಿತು. ಸರಿ, ಅದರಿಂದ ಯಾವ ಔಷಧಿ ಬಂತು ಹೇಳಿ?

ನಿರ್ವಾಹಕರು

ಚರ್ಚೆ ಬಿಸಿಯಾಗುತ್ತಿದೆ. ಬಿಸಿ ಇರಲಿ, ವೈಯಕ್ತಿಕ ಮಾತು ಬೇಡ. ಇದನ್ನು ಓದುತ್ತಿರುವವರಲ್ಲಿ ಖಿನ್ನತೆ ಇರುವವರೂ ಇದ್ದಾರೆ. ದಯವಿಟ್ಟು ಯಾರೂ ಇಲ್ಲಿನ ಮಾತು ನಂಬಿ ಮಾತ್ರೆ ನಿಲ್ಲಿಸಬೇಡಿ, ಡಾಕ್ಟರ್ ಹತ್ತಿರ ಕೇಳಿ.

ಸಂಜೆ ಪಾಳಿ ಡಾಕ್ಟರ್

ಮನೋವೈದ್ಯ. ಕಾಡುಬೆಕ್ಕು ಕೇಳಿದ್ದು ಒಳ್ಳೆಯ ಪ್ರಶ್ನೆ. ಉತ್ತರ ಅವರು ಅಂದುಕೊಂಡದ್ದಕ್ಕಿಂತ ಗೋಜಲು.

ಮೊದಲ ಖಿನ್ನತೆಯ ಔಷಧಿಗಳು ಯಾವ "ಖಿನ್ನ ಇಲಿ"ಯಿಂದಲೂ ಬರಲಿಲ್ಲ. ಐಪ್ರೊನಿಯಜಿಡ್ ಕ್ಷಯಕ್ಕೆ ಎಂದು ಮಾಡಿದ್ದು. 1952ರ ಸುಮಾರಿಗೆ ಅದನ್ನು ತೆಗೆದುಕೊಂಡ ಕ್ಷಯರೋಗಿಗಳು ಅಸಹಜವಾಗಿ ಲವಲವಿಕೆಯಿಂದ ಇದ್ದದ್ದು ಆಸ್ಪತ್ರೆಯವರ ಕಣ್ಣಿಗೆ ಬಿತ್ತು. ಇಮಿಪ್ರಮಿನ್ ಅನ್ನು ಸ್ಕಿಜೋಫ್ರೇನಿಯಾಕ್ಕೆ ಎಂದು ಪ್ರಯೋಗಿಸುತ್ತಿದ್ದರು. ಸ್ವಿಟ್ಜರ್ಲೆಂಡಿನ ಮ್ಯುನ್‌ಸ್ಟರ್ಲಿಂಗೆನ್ ಆಸ್ಪತ್ರೆಯ ರೋಲಾಂಡ್ ಕುನ್ ಅದು ಖಿನ್ನತೆಗೆ ಹಿಡಿಯುತ್ತದೆ ಎಂದು ಕಂಡು 1957ರಲ್ಲಿ ಪ್ರಕಟಿಸಿದರು. ಎರಡೂ ಮನುಷ್ಯರನ್ನು ನೋಡಿ ಸಿಕ್ಕಿದ್ದು.

ಇಷ್ಟು ಕೇಳಿ "ನೋಡಿ, ಪ್ರಾಣಿ ಬೇಡವೇ ಬೇಡ" ಎನ್ನುವವರಿಗೆ ಇನ್ನರ್ಧ ಕಥೆ ಹೇಳಬೇಕು. ಅದೇ ಮ್ಯುನ್‌ಸ್ಟರ್ಲಿಂಗೆನ್‌ನಲ್ಲಿ ದಶಕಗಳ ಕಾಲ ರೋಗಿಗಳ ಮೇಲೆ ಹೊಸ ಔಷಧಿ ಪ್ರಯೋಗ ನಡೆದಿತ್ತು. ಎಷ್ಟೋ ಜನಕ್ಕೆ ತಮಗೆ ಏನು ಕೊಡುತ್ತಿದ್ದಾರೆ ಎಂದೇ ಗೊತ್ತಿರಲಿಲ್ಲ. ಇತಿಹಾಸಕಾರರು ಆಸ್ಪತ್ರೆಯ ಕಾಗದಪತ್ರ ಕೆದಕಿ 2019ರಲ್ಲಿ ಅದನ್ನು ಹೊರಗಿಟ್ಟರು. ಪ್ರಾಣಿ ಮಧ್ಯೆ ಇಲ್ಲದಿದ್ದಾಗ ಆ ಜಾಗದಲ್ಲಿ ಯಾರು ನಿಲ್ಲುತ್ತಾರೆ? ಹೇಳಲು ದನಿ ಇಲ್ಲದ ರೋಗಿ.

ಇನ್ನು ಪ್ರಾಣಿ ಮಾದರಿಗಳ ಸೋಲು ಗೆಲುವು. ಸೋಲು: ಸಬ್‌ಸ್ಟೆನ್ಸ್ ಪಿ ಎಂಬ ರಾಸಾಯನಿಕವನ್ನು ತಡೆಯುವ ಔಷಧಿ. 1998ರಲ್ಲಿ ಅದರ ಮೇಲೆ ಭಾರಿ ಆಸೆ ಇತ್ತು. ರ್ಯಾಟ್, ಮೌಸ್‌ಗಳ ರಿಸೆಪ್ಟರ್ (ರಾಸಾಯನಿಕ ಬಂದು ಅಂಟುವ ಕೋಶದ ಭಾಗ) ಮನುಷ್ಯರದ್ದಕ್ಕೆ ಸರಿಯಾಗಿ ಹೋಲುವುದಿಲ್ಲ ಎಂದು ಗಿನಿಪಿಗ್ ಮರಿಗಳನ್ನು ತಾಯಿಯಿಂದ ಬೇರೆ ಮಾಡಿ, ಅವು ಕೂಗುವುದು ಕಡಿಮೆಯಾಗುತ್ತದಾ ಎಂದು ನೋಡಿದರು. ಕಡಿಮೆಯಾಯಿತು. ಮನುಷ್ಯರ ಮೊದಲ ಪ್ರಯೋಗವೂ ಚೆನ್ನಾಗಿ ಬಂತು. ದೊಡ್ಡ ಪ್ರಯೋಗಗಳಲ್ಲಿ ಸಕ್ಕರೆ ಗುಳಿಗೆಗಿಂತ ಮೇಲಾಗಲಿಲ್ಲ. ಅದೇ ಔಷಧಿ, ಅಪ್ರೆಪಿಟಂಟ್, ಈಗ ಕೀಮೋಥೆರಪಿ ವಾಂತಿಗೆ ಬಳಕೆಯಲ್ಲಿದೆ. ಒತ್ತಡದ ಹಾರ್ಮೋನ್ ಸರಣಿಯ ಸಿಆರ್‌ಎಫ್ ರಿಸೆಪ್ಟರ್ ತಡೆಯುವ ಔಷಧಿಗಳದ್ದೂ ಹೆಚ್ಚುಕಮ್ಮಿ ಇದೇ ಗತಿ. ಇಲಿಗಳಲ್ಲಿ ಸೊಗಸು, ಮನುಷ್ಯರಲ್ಲಿ ಸಪ್ಪೆ.

ಗೆಲುವು: ಹೆರಿಗೆಯ ನಂತರದ ಖಿನ್ನತೆ. ಗರ್ಭಿಣಿಯಾಗಿದ್ದಾಗ ಏರುವ ಅಲೋಪ್ರೆಗ್ನನೊಲೋನ್ ಎಂಬ ಹಾರ್ಮೋನ್ ಹೆರಿಗೆಯಾದ ಕೂಡಲೇ ಕುಸಿಯುತ್ತದೆ. ಅದು ಕೆಲಸ ಮಾಡುವ ಗಾಬಾ ರಿಸೆಪ್ಟರಿನ ಒಂದು ಭಾಗವನ್ನು ತೆಗೆದ ಇಲಿಗಳು ಹೆತ್ತ ಮೇಲೆ ಮರಿಗಳನ್ನು ಸರಿಯಾಗಿ ನೋಡಿಕೊಳ್ಳದೆ ಇದ್ದದ್ದನ್ನು 2008ರಲ್ಲಿ ಮ್ಯಾಗ್ವೈರ್ ಮತ್ತು ಮೋದಿ ಎಂಬ ಸಂಶೋಧಕರು ತೋರಿಸಿದರು. 2019ರಲ್ಲಿ ಅದೇ ವಸ್ತು ಬ್ರೆಕ್ಸನೊಲೋನ್ ಎಂಬ ಹೆಸರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. 60 ಗಂಟೆ ರಕ್ತನಾಳಕ್ಕೆ ಹನಿಸಬೇಕಾದ ಔಷಧಿ. 2023ರಲ್ಲಿ ಅದರ ಬಳಗದ ಮಾತ್ರೆಯೂ ಬಂತು. ಇಲ್ಲಿ ಪ್ರಶ್ನೆ ಸಣ್ಣದಾಗಿತ್ತು ಎಂಬುದನ್ನು ಗಮನಿಸಿ. ಒಂದು ಹಾರ್ಮೋನ್, ಒಂದು ರಿಸೆಪ್ಟರ್, ಹೆರಿಗೆ ಎಂಬ ಒಂದು ಘಟನೆ. ಹೆರಿಗೆ ಇಲಿಗೂ ಆಗುತ್ತದೆ.

ಕೆಟಮಿನ್ ಎರಡೂ ಕಡೆ ಸೇರುತ್ತದೆ. ಅದು ಅರಿವಳಿಕೆ ಮದ್ದು, ಮಿದುಳಿನ ಎನ್‌ಎಂಡಿಎ ರಿಸೆಪ್ಟರ್ ಅನ್ನು ತಡೆಯುತ್ತದೆ. ಎನ್‌ಎಂಡಿಎ ರಿಸೆಪ್ಟರ್ ತಡೆದರೆ ಖಿನ್ನತೆಯ ಔಷಧಿಯ ಥರದ ಪರಿಣಾಮ ಬರುತ್ತದೆ ಎಂದು 1990ರಲ್ಲೇ ಇಲಿಗಳಲ್ಲಿ, ಇದೇ ಈಜು ಮತ್ತು ಬಾಲದ ಪರೀಕ್ಷೆಗಳಲ್ಲಿ ಕಂಡಿತ್ತು. ಮನುಷ್ಯರಲ್ಲಿ ಮೊದಲ ಪುಟ್ಟ ಪ್ರಯೋಗ 2000ದಲ್ಲಿ. ಮೂಗಿಗೆ ಸಿಂಪಡಿಸುವ ಎಸ್‌ಕೆಟಮಿನ್‌ಗೆ ಒಪ್ಪಿಗೆ 2019ರಲ್ಲಿ.

ಕಾಡುಬೆಕ್ಕು

ಕುನ್ ವಿಷಯ ಗೊತ್ತಿರಲಿಲ್ಲ. ಆದರೆ ಅದು ಒಪ್ಪಿಗೆ ಕೇಳದ ವೈದ್ಯರ ಸಮಸ್ಯೆ. ಅದಕ್ಕೆ ಪರಿಹಾರ ಒಪ್ಪಿಗೆ ಕೇಳುವುದು. ಇಲಿಯ ಒಪ್ಪಿಗೆ ಯಾರು ಕೇಳಿದರು?

ಸಂಜೆ ಪಾಳಿ ಡಾಕ್ಟರ್

ಯಾರೂ ಕೇಳಲಿಲ್ಲ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಲೆಕ್ಕದ ಮಾಸ್ತರ

ನಾನು ಅಂಕಿಅಂಶದವನು. ಇಂಥ ಡೇಟಾ ನನ್ನ ಮೇಜಿಗೆ ಬರುತ್ತಲೇ ಇರುತ್ತದೆ. ನೀತಿಯ ಚರ್ಚೆ ನಿಮಗೆ ಬಿಟ್ಟೆ. ನನ್ನ ತಕರಾರು ಬೇರೆ: ಇಷ್ಟು ಪ್ರಾಣಿ ಕೊಂದು ತಂದ ಸಂಖ್ಯೆ ನಂಬುವ ಹಾಗೆ ಇರುವುದಿಲ್ಲ.

1999ರಲ್ಲಿ ಕ್ರ್ಯಾಬ್ ಮತ್ತು ಜೊತೆಗಾರರು ಮೂರು ಊರಿನ ಮೂರು ಲ್ಯಾಬ್‌ಗಳಲ್ಲಿ ಅವೇ ಸ್ಟ್ರೈನುಗಳ ಇಲಿ, ಒಂದೇ ಉಪಕರಣ, ಒಂದೇ ಪ್ರೋಟೋಕಾಲ್ ಇಟ್ಟು ನಡವಳಿಕೆ ಪರೀಕ್ಷೆ ಮಾಡಿದರು. ಎಷ್ಟು ಸಾಧ್ಯವೋ ಅಷ್ಟು ಎಲ್ಲವನ್ನೂ ಹೊಂದಿಸಿದ್ದರು. ಆದರೂ ಕೆಲವು ಪರೀಕ್ಷೆಗಳಲ್ಲಿ ಲ್ಯಾಬಿನಿಂದ ಲ್ಯಾಬಿಗೆ ಉತ್ತರ ಬೇರೆಯೇ ಬಂತು. ಯಾಕೆ? 2014ರಲ್ಲಿ ಒಂದು ಕಾರಣ ಸಿಕ್ಕಿತು. ಗಂಡಸರು ಹತ್ತಿರ ಇದ್ದರೆ ಇಲಿಗಳಿಗೆ ಒತ್ತಡವಾಗುತ್ತದೆ. ಗಂಡಸು ತೊಟ್ಟು ಬಿಟ್ಟ ಟೀ ಶರ್ಟ್ ಸಾಕು. ಇದಕ್ಕಿಂತ ವಿಚಿತ್ರ 2022ರದ್ದು. ಕೆಟಮಿನ್ ಚುಚ್ಚಿದವರು ಗಂಡಸಾದರೆ ಇಲಿಗಳಲ್ಲಿ ಖಿನ್ನತೆ ಕಡಿಮೆ ಮಾಡುವ ಪರಿಣಾಮ ಕಾಣುತ್ತದೆ, ಹೆಂಗಸಾದರೆ ಕಾಣುವುದಿಲ್ಲ ಎಂದು ಅಮೆರಿಕದ ಒಂದು ತಂಡ ತೋರಿಸಿತು. ಸೂಜಿ ಹಿಡಿದವರು ಯಾರು ಎಂದು ಎಷ್ಟು ಪ್ರಬಂಧಗಳಲ್ಲಿ ಬರೆದಿರುತ್ತಾರೆ? ನನಗೆ ಬಂದ ಫೈಲುಗಳಲ್ಲಂತೂ ಕಂಡಿಲ್ಲ.

ಇನ್ನೊಂದು ಉದಾಹರಣೆ. 2013ರಲ್ಲಿ ನೇಚರ್ ಪತ್ರಿಕೆಯಲ್ಲಿ ಎರಡು ಪ್ರಬಂಧ ಒಟ್ಟಿಗೆ ಬಂದವು. ಎರಡೂ ಮಿದುಳಿನ ಒಂದೇ ಜಾಗದ ಡೋಪಮಿನ್ ಕೋಶಗಳನ್ನು ಬೆಳಕಿನಿಂದ ಕೆರಳಿಸಿ ನೋಡಿದ್ದು. ಒಂದರಲ್ಲಿ ಇಲಿಯ ಸ್ಥಿತಿ ಸುಧಾರಿಸಿತು, ಇನ್ನೊಂದರಲ್ಲಿ ಕೆಟ್ಟಿತು. ಒಬ್ಬರು ಸಣ್ಣ ಸಣ್ಣ ತೊಂದರೆಗಳನ್ನು ವಾರಗಟ್ಟಲೆ ಕೊಟ್ಟಿದ್ದರು, ಇನ್ನೊಬ್ಬರು ದೊಡ್ಡ ಇಲಿಯಿಂದ ಹೊಡೆಸಿದ್ದರು. ಇಬ್ಬರೂ ಸರಿ ಇರಬಹುದು. ಆದರೆ ಇಬ್ಬರೂ "ಖಿನ್ನತೆ" ಎಂದೇ ಬರೆದಿದ್ದಾರೆ.

ಮತ್ತೆ ಹೆಣ್ಣಿಲಿಗಳು ಎಲ್ಲಿ? ಖಿನ್ನತೆ ಹೆಂಗಸರಲ್ಲಿ ಜಾಸ್ತಿ. 2011ರಲ್ಲಿ ಬೀರಿ ಮತ್ತು ಝುಕರ್ ಲೆಕ್ಕ ಹಾಕಿದಾಗ ನರವಿಜ್ಞಾನದಲ್ಲಿ ಗಂಡು ಪ್ರಾಣಿ ಮಾತ್ರ ಬಳಸಿದ ಅಧ್ಯಯನಗಳು ಹೆಣ್ಣು ಮಾತ್ರ ಬಳಸಿದವುಗಳ 5.5 ಪಟ್ಟು ಇದ್ದವು.

ಬಿಳಿಮೂಷಿಕ

ಮಾಸ್ತರೇ, ನಮ್ಮ ಪ್ರೋಟೋಕಾಲ್‌ನಲ್ಲೂ ಗಂಡು ಮಾತ್ರ. "ಹಾರ್ಮೋನ್ ಏರಿಳಿತ ಬೇಡ" ಎಂದು ಕಾರಣ ಬರೆದಿದೆ. ಗುಂಪಿಗೆ ಆರು ಇಲಿ.

"ದೊಡ್ಡ ಇಲಿಯಿಂದ ಹೊಡೆಸಿದ್ದರು" ಅಂದರೆ ಏನು? ಮತ್ತೆ ಮಾತ್ರೆ ಡಬ್ಬಿ ಅವರು ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಹಳೇ ಲ್ಯಾಬ್ ಕೋಟು

ಕೊಡುತ್ತೇನೆ. ಮಾತ್ರೆ ಡಬ್ಬಿ ಅವರೇ, ತಪ್ಪಿತಸ್ಥ ಭಾವನೆ, ಬದುಕು ಬೇಡ ಅನ್ನಿಸುವುದು, ಇವನ್ನು ಇಲಿಯಲ್ಲಿ ನೋಡುವ ದಾರಿ ಇಲ್ಲ. ಈ ಕ್ಷೇತ್ರದಲ್ಲಿ ಗಂಭೀರವಾಗಿ ಇರುವವರು ಅದನ್ನು ಒಪ್ಪಿಕೊಂಡೇ ಮುಂದೆ ಹೋಗುತ್ತಾರೆ. ಇಡೀ ಖಿನ್ನತೆಯನ್ನು ಪ್ರಾಣಿಯಲ್ಲಿ ತರುತ್ತೇವೆ ಎನ್ನುವುದನ್ನು ಬಿಟ್ಟು, ಒಂದೊಂದೇ ಎಳೆ ಹಿಡಿಯುತ್ತಾರೆ. ನಿದ್ದೆ. ಹಸಿವು. ಸುಖದ ವಿಷಯದಲ್ಲಿ ಆಸಕ್ತಿ ಹೋಗುವುದು.

ಕೊನೆಯದಕ್ಕೆ ಒಂದು ಸರಳ ಪರೀಕ್ಷೆ ಇದೆ. ಪಂಜರಕ್ಕೆ ಎರಡು ಬಾಟಲಿ, ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಶೇಕಡಾ 1 ಅಥವಾ 2 ಸಕ್ಕರೆ ನೀರು. ಆರಾಮಾಗಿರುವ ಇಲಿ ಸಕ್ಕರೆ ನೀರನ್ನೇ ಜಾಸ್ತಿ ಕುಡಿಯುತ್ತದೆ. 1987ರಲ್ಲಿ ಪಾಲ್ ವಿಲ್ನರ್ ರ್ಯಾಟ್‌ಗಳಿಗೆ ವಾರಗಟ್ಟಲೆ ಸಣ್ಣ ಕಿರಿಕಿರಿ ಕೊಟ್ಟರು. ಪಂಜರ ಓರೆ ಮಾಡುವುದು, ಹಾಸು ಒದ್ದೆ ಮಾಡುವುದು, ರಾತ್ರಿ ದೀಪ ಹಚ್ಚಿಡುವುದು, ಗೊತ್ತಿಲ್ಲದ ಜೊತೆಗಾರನನ್ನು ಬಿಡುವುದು. ಒಂದೂ ಊಹೆಗೆ ಸಿಗದ ಹಾಗೆ. ನಿಧಾನಕ್ಕೆ ಸಕ್ಕರೆಯ ಮೇಲಿನ ಆಸೆ ಹೋಯಿತು. ಖಿನ್ನತೆಯ ಔಷಧಿ ಒಂದು ದಿನ ಕೊಟ್ಟರೆ ಏನೂ ಆಗಲಿಲ್ಲ, ವಾರಗಳ ಕಾಲ ಕೊಟ್ಟಾಗ ಮರಳಿ ಬಂತು. ಮನುಷ್ಯರ ಸಮಯಕ್ಕೆ ಇದು ಹತ್ತಿರ. ತೊಂದರೆ ಏನೆಂದರೆ ಎಲ್ಲ ಲ್ಯಾಬಿನಲ್ಲೂ ಇದು ಒಂದೇ ಥರ ಬರುವುದಿಲ್ಲ. ಕೈಗೆ ಹಿಡಿಯುವುದು ಕಷ್ಟ.

ಹೊಡೆಸುವುದು ಎಂದರೆ ಸೋಷಿಯಲ್ ಡಿಫೀಟ್. ಸಣ್ಣ ಕಪ್ಪು ಇಲಿಯನ್ನು ದಿನಕ್ಕೆ ಐದು ಹತ್ತು ನಿಮಿಷ ಜಗಳಗಂಟ ದೊಡ್ಡ ಬಿಳಿ ಇಲಿಯ ಪಂಜರದಲ್ಲಿ ಬಿಡುತ್ತಾರೆ. ಆಮೇಲೆ ತೂತಿರುವ ಪ್ಲಾಸ್ಟಿಕ್ ಗೋಡೆ ಇಟ್ಟು ಇಬ್ಬರನ್ನೂ ಅಲ್ಲೇ ಬಿಡುತ್ತಾರೆ. ಹೊಡೆತ ಇಲ್ಲ, ಆದರೆ ಹೊಡೆದವನ ವಾಸನೆ ಇಡೀ ದಿನ. ಹತ್ತು ದಿನ, ದಿನಕ್ಕೊಬ್ಬ ಹೊಸ ಜಗಳಗಂಟ. ನಂತರ ಎಷ್ಟೋ ಇಲಿಗಳು ಬೇರೆ ಇಲಿಯ ಹತ್ತಿರವೇ ಸುಳಿಯುವುದಿಲ್ಲ. ಇದನ್ನು ಸರಿಪಡಿಸಲೂ ವಾರಗಟ್ಟಲೆ ಔಷಧಿ ಬೇಕು. ನನಗೆ ಈ ಮಾದರಿಯಲ್ಲಿ ಮುಖ್ಯ ಅನ್ನಿಸುವುದು ಬೇರೆ. ಸುಮಾರು ಮೂರನೇ ಒಂದು ಭಾಗ ಇಲಿಗಳಿಗೆ ಅಷ್ಟೇ ಏಟು ಬಿದ್ದರೂ ಅವು ಹಾಗಾಗುವುದಿಲ್ಲ. ಯಾಕೆ ಆಗುವುದಿಲ್ಲ ಅನ್ನುವುದರ ಮೇಲೆ 2007ರಿಂದ ಒಳ್ಳೆಯ ಕೆಲಸ ನಡೆದಿದೆ. ಆ ಗಟ್ಟಿ ಇಲಿಗಳ ಮಿದುಳು ಏನೂ ಮಾಡದೆ ಸುಮ್ಮನೆ ಇರುವುದಿಲ್ಲ. ತನ್ನನ್ನು ಕಾಪಾಡಿಕೊಳ್ಳಲು ಬದಲಾಗುತ್ತದೆ. (ಹೆಣ್ಣಿಲಿಯನ್ನು ಗಂಡಿಲಿ ಸಾಮಾನ್ಯವಾಗಿ ಹೊಡೆಯುವುದಿಲ್ಲ, ಹಾಗಾಗಿ ಇದೂ ಹೆಚ್ಚಾಗಿ ಗಂಡಿಲಿಗಳದ್ದೇ ಕಥೆ. ಮಾಸ್ತರ ಹೇಳಿದ್ದು ಸರಿ.)

ಕಾಡುಬೆಕ್ಕು ಅವರ ನಾಯಿ ಕಥೆಗೂ ಒಂದು ಮುಂದುವರಿಕೆ ಇದೆ. 2016ರಲ್ಲಿ ಅದೇ ಮೇಯರ್ ಮತ್ತು ಸೆಲಿಗ್ಮನ್ ತಮ್ಮ ಸಿದ್ಧಾಂತವನ್ನು ತಲೆಕೆಳಗು ಮಾಡಿದರು. ಅಸಹಾಯಕತೆಯನ್ನು ಪ್ರಾಣಿ ಕಲಿಯುವುದಿಲ್ಲ, ತುಂಬ ಹೊತ್ತಿನ ನೋವಿಗೆ ಸುಮ್ಮನಾಗುವುದು ಹುಟ್ಟಿನಿಂದಲೇ ಬಂದ ಪ್ರತಿಕ್ರಿಯೆ. ಕಲಿಯಬೇಕಾದದ್ದು "ಇದು ನನ್ನ ಹಿಡಿತದಲ್ಲಿದೆ" ಎನ್ನುವುದನ್ನು, ಅದನ್ನು ಕಲಿಸುವುದು ಮಿದುಳಿನ ಮುಂಭಾಗ ಎಂದು ಬರೆದರು. ಇದು ತಿಳಿದದ್ದು ರ್ಯಾಟ್‌ಗಳ ಮಿದುಳಿನ ಕೆಲಸದಿಂದ. ಐವತ್ತು ವರ್ಷ ಹಿಡಿಯಿತು.

ಮಾತ್ರೆ ಡಬ್ಬಿ

ಹೊಡೆದವನ ವಾಸನೆ ಇಡೀ ದಿನ ಅನ್ನುವುದು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ಇದು ನನಗೆ ತೇಲುವುದಕ್ಕಿಂತ ಜಾಸ್ತಿ ಅರ್ಥವಾಯಿತು. ಅರ್ಥವಾದಷ್ಟೂ ಮಾಡಬಾರದು ಅನ್ನಿಸುತ್ತದೆ. ಇದು ಹೇಗೆ ಬಗೆಹರಿಸುವುದೋ.

ಪಂಜರದ ಕೀಲಿ

ನಾನು ಪ್ರಾಣಿ ಮನೆಯಲ್ಲಿ ಕೆಲಸ ಮಾಡುತ್ತೇನೆ. ಪ್ರಬಂಧದಲ್ಲಿ ನಮ್ಮ ಹೆಸರು ಇರುವುದಿಲ್ಲ. ಎರಡು ಮಾತು ಹೇಳಿ ಹೋಗುತ್ತೇನೆ.

ಇಲಿಯನ್ನು ಬಾಲ ಹಿಡಿದು ಎತ್ತಬೇಡಿ. 2010ರಲ್ಲೇ ಹರ್ಸ್ಟ್ ಮತ್ತು ವೆಸ್ಟ್ ಎಂಬುವರು ತೋರಿಸಿದ್ದಾರೆ, ಬಾಲ ಹಿಡಿದು ಎತ್ತಿದ ಇಲಿ ಮನುಷ್ಯರ ಕೈಗೆ ಹೆದರುತ್ತದೆ, ಎಲ್ಲ ಪರೀಕ್ಷೆಯಲ್ಲೂ ಗಾಬರಿ ಜಾಸ್ತಿ. ಒಂದು ಪ್ಲಾಸ್ಟಿಕ್ ಕೊಳವೆಯಲ್ಲಿ ಅಥವಾ ಬೊಗಸೆಯಲ್ಲಿ ಎತ್ತಿದರೆ ಬೇಗ ಪಳಗುತ್ತದೆ. ಎಷ್ಟು ಹೇಳಿದರೂ ವಿದ್ಯಾರ್ಥಿಗಳು ಅವಸರಕ್ಕೆ ಬಾಲವನ್ನೇ ಹಿಡಿಯುತ್ತಾರೆ. ಆಮೇಲೆ ಆತಂಕ ಅಳೆಯುತ್ತಾರೆ.

ಇನ್ನೊಂದು, ಪರೀಕ್ಷೆ ಆರು ನಿಮಿಷ ಎನ್ನುತ್ತೀರಿ. ಆರನೇ ನಿಮಿಷದ ನಂತರ ಏನು ಎಂದು ಯಾರೂ ಇಲ್ಲಿ ಕೇಳಲಿಲ್ಲ. ಒರೆಸಿ, ಬೆಚ್ಚಗೆ ಮಾಡಿ, ಪಂಜರಕ್ಕೆ ಬಿಡುತ್ತೇವೆ. ಆಮೇಲೆ ಮಿದುಳು ತೆಗೆಯಲು ಕೊಲ್ಲುತ್ತಾರೆ. ಹೆಚ್ಚು ಕಡಿಮೆ ಎಲ್ಲವನ್ನೂ. ಔಷಧಿ ಕೊಡದ ಕಂಟ್ರೋಲ್ ಗುಂಪಿನದ್ದನ್ನೂ. ಅದನ್ನು ಮಾಡುವವರಿಗೆ ಆ ದಿನ ಹೇಗಿರುತ್ತದೆ ಎಂಬ ಪ್ರಶ್ನೆ ಯಾವ ಅರ್ಜಿಯಲ್ಲೂ ಇಲ್ಲ. ನಾವು ಆ ದಿನ ಜಾಸ್ತಿ ಮಾತಾಡುವುದಿಲ್ಲ.

ಬಿಳಿಮೂಷಿಕ

ಪಂಜರದ ಕೀಲಿ ಅವರೇ, ಇದನ್ನು ಬರೆದದ್ದಕ್ಕೆ ಧನ್ಯವಾದ.

ಈಗ ನನಗೆ ಇನ್ನೂ ಗೊಂದಲ. ಈಜು ಬೇಡ ಎಂದರೆ ಏನು ಮಾಡಲಿ? ಪರೀಕ್ಷಕರು ಅದನ್ನೇ ಕೇಳುತ್ತಾರೆ. ಇದೇ ಇಲ್ಲದೆ ಪ್ರಬಂಧ ಕಳಿಸಿದರೆ ಯಾವ ಜರ್ನಲ್ ತೆಗೆದುಕೊಳ್ಳುತ್ತದೆ ಎಂದು ಗೈಡ್ ಕೇಳುತ್ತಾರೆ.

ಹಳೇ ಲ್ಯಾಬ್ ಕೋಟು

ಗಾಳಿ ಬದಲಾಗಿದೆ ಎಂದು ಅವರಿಗೆ ಹೇಳು. ಹಲವು ದೊಡ್ಡ ಔಷಧಿ ಕಂಪನಿಗಳು ಫೋರ್ಸ್ಡ್ ಸ್ವಿಮ್ ನಿಲ್ಲಿಸಿವೆ. ಬ್ರಿಟನ್‌ನಲ್ಲಿ 2023ರಲ್ಲಿ ಸರ್ಕಾರದ ಸಲಹಾ ಸಮಿತಿ ಇದರ ಮೇಲೆ ವರದಿ ಕೊಟ್ಟಿತು, ಆಮೇಲೆ ಅನುಮತಿ ಬಿಗಿಯಾಯಿತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ 2024ರಲ್ಲಿ ಕಾನೂನು ಮಾಡಿ ನಿಷೇಧಿಸಿತು. ಇವತ್ತು ಇದನ್ನು ಮಾಡಿ ಕಳಿಸಿದರೆ "ಯಾಕೆ ಮಾಡಿದಿರಿ" ಎಂದು ಕೇಳುವ ಪರೀಕ್ಷಕರೂ ಇದ್ದಾರೆ.

ಬದಲಿಗೆ ಏನು ಎಂದರೆ, ನನಗೆ ಇಷ್ಟವಾದದ್ದು ಬ್ರಿಸ್ಟಲ್‌ನ ಎಮ್ಮಾ ರಾಬಿನ್ಸನ್ ಅವರ ತಂಡದ ಪರೀಕ್ಷೆ. ರ್ಯಾಟ್ ಒಂದು ಬಟ್ಟಲಲ್ಲಿ ತುಂಬಿದ ಪುಡಿ ಕೆದಕಿ ತಿಂಡಿ ಹುಡುಕುತ್ತದೆ. ಒಂದು ದಿನ ಒಂದು ಥರದ ಪುಡಿ, ಇನ್ನೊಂದು ದಿನ ಇನ್ನೊಂದು. ತಿಂಡಿ ಎರಡರಲ್ಲೂ ಅಷ್ಟೇ. ಆದರೆ ಒಂದನ್ನು ಕಲಿಯುವ ದಿನ ಔಷಧಿ ಕೊಟ್ಟಿರುತ್ತಾರೆ. ಕೊನೆಗೆ ಎರಡೂ ಬಟ್ಟಲು ಇಟ್ಟು ಯಾವುದಕ್ಕೆ ಹೋಗುತ್ತದೆ ನೋಡುತ್ತಾರೆ. ಖಿನ್ನತೆಯ ಔಷಧಿ ಕೊಟ್ಟ ದಿನ ಕಲಿತದ್ದರ ಕಡೆ ರ್ಯಾಟ್ ವಾಲುತ್ತದೆ. ಒತ್ತಡ ಕೊಟ್ಟ ದಿನದ್ದರಿಂದ ದೂರ ಹೋಗುತ್ತದೆ. ನೆನಪಿಗೆ ಬಣ್ಣ ಬಳಿಯುವುದು ಮನಸ್ಥಿತಿ, ಅದನ್ನೇ ಅಳೆಯುತ್ತಿದ್ದಾರೆ. ಖಿನ್ನತೆ ಇರುವವರೂ ಕೆಟ್ಟದ್ದನ್ನೇ ಹೆಚ್ಚು ನೆನಪಿಡುತ್ತಾರೆ. ಹೀಗಾಗಿ ಮನುಷ್ಯರಲ್ಲೂ ಇದೇ ಥರದ ಪರೀಕ್ಷೆ ಮಾಡಿ ಹೋಲಿಸಬಹುದು. ಹಳೆಯ ಮಾತ್ರೆಗಳು ಹೊಸ ಕಲಿಕೆಯನ್ನು ಮಾತ್ರ ಬದಲಿಸಿದವು, ಕೆಟಮಿನ್ ಹಳೆಯ ಕೆಟ್ಟ ವಾಲಿಕೆಯನ್ನೇ ಅಳಿಸಿತು. ಇಂಥ ವ್ಯತ್ಯಾಸ ಈಜಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ಯಾರೂ ಮುಳುಗಲಿಲ್ಲ, ಯಾರೂ ನೇತಾಡಲಿಲ್ಲ.

ಕಷ್ಟವೂ ಇದೆ. ಕಲಿಸಲು ದಿನಗಟ್ಟಲೆ ಬೇಕು. ಈಜು ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಅದು ಇಷ್ಟು ವರ್ಷ ಬದುಕಿದ್ದಕ್ಕೆ ನಿಜವಾದ ಕಾರಣ ಅದೇ ಅಂತ ನನ್ನ ಅನಿಸಿಕೆ.

ಸಂಜೆ ಪಾಳಿ ಡಾಕ್ಟರ್

ಒಂದು ಸಣ್ಣ ಪ್ರಶ್ನೆ. ನಿಮ್ಮ ಗಿಡದ ಸಾರದಲ್ಲಿ ಏನಿದೆ, ಅದು ಹೊಟ್ಟೆಯಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಹೋಗುತ್ತದಾ ಎಂದು ಯಾರಾದರೂ ನೋಡಿದ್ದಾರಾ?

ಬಿಳಿಮೂಷಿಕ

ಇಲ್ಲ. ಇಡೀ ಸಾರವನ್ನೇ ಬಾಯಿಗೆ ಹಾಕುವುದು ಎಂದಿದೆ. ಒಳಗಿನ ವಸ್ತು ಬೇರ್ಪಡಿಸಿಲ್ಲ.

ಲೆಕ್ಕದ ಮಾಸ್ತರ

ಹಾಗಾದರೆ ಗುಂಪಿಗೆ ಆರು ಎಂಬ ಸಂಖ್ಯೆ ಎಲ್ಲಿಂದ ಬಂತು? ಪರಿಣಾಮ ಎಷ್ಟು ದೊಡ್ಡದಿರಬಹುದು ಎಂಬ ಅಂದಾಜೇ ಇಲ್ಲದೆ ಗುಂಪಿನ ಗಾತ್ರ ಹೇಗೆ ಹೇಳುವುದು? ರಸ್ಸೆಲ್ ಮತ್ತು ಬರ್ಚ್ 1959ರಲ್ಲೇ ಹೇಳಿದ ಮೂರು ಮಾತು ಇವೆಯಲ್ಲ: ಪ್ರಾಣಿ ಬದಲು ಬೇರೆ ದಾರಿ ಹುಡುಕಿ, ಸಂಖ್ಯೆ ಇಳಿಸಿ, ನೋವು ಇಳಿಸಿ. ಎರಡನೆಯದನ್ನು ಜನ ತಪ್ಪು ತಿಳಿಯುತ್ತಾರೆ. ಆರು ಸಾಲದೆ ಉತ್ತರ ಬರದಿದ್ದರೆ ಆ ಆರೂ ವ್ಯರ್ಥ. ಕಡಿಮೆ ಬಳಸಿದೆವು ಎಂದು ಬೀಗುವ ಹಾಗಿಲ್ಲ.

ಬಿಳಿಮೂಷಿಕ

ಗೈಡ್ ಜೊತೆ ಮಾತಾಡಿ ಬಂದೆ. ಮೊದಲು ಬೇಸರ ಮಾಡಿಕೊಂಡರು. ಆಮೇಲೆ ಡಾಕ್ಟರ್ ಪ್ರಶ್ನೆ ಕೇಳಿದೆ, ಸುಮ್ಮನಾದರು. ಈಗ ತೀರ್ಮಾನ ಹೀಗಿದೆ: ಈ ಸೆಮಿಸ್ಟರ್ ಸಾರವನ್ನು ಬೇರ್ಪಡಿಸುವುದು, ಒಳಗೇನಿದೆ ಎಂದು ನೋಡುವುದು, ರಿಸೆಪ್ಟರ್‌ಗೆ ಅಂಟುತ್ತದಾ ಎಂದು ಲ್ಯಾಬಿನ ಪ್ಲೇಟಿನಲ್ಲೇ ನೋಡುವುದು. ಅಲ್ಲಿ ಏನಾದರೂ ಸಿಕ್ಕರೆ ಮಾತ್ರ ಪ್ರಾಣಿಗೆ ಅರ್ಜಿ. ಟೇಲ್ ಸಸ್ಪೆನ್ಷನ್ ಹೋಯಿತು. ಈಜು ಇನ್ನೂ ಪೂರ್ತಿ ಹೋಗಿಲ್ಲ, "ಆಗ ನೋಡೋಣ" ಎಂದಿದ್ದಾರೆ. ಬಟ್ಟಲಿನ ಪರೀಕ್ಷೆ ಕಲಿಸುವವರು ನಮ್ಮಲ್ಲಿ ಇಲ್ಲ.

ಕಾಡುಬೆಕ್ಕು

ಅಂದರೆ ಇಲಿಗಳಿಗೆ ಒಂದು ಸೆಮಿಸ್ಟರ್ ರಜೆ. ನನಗೆ ಇದು ಸಾಲದು. ಆದರೂ ಖಾಲಿ ಕಾಲಂ ತುಂಬಿಸದೆ ವಾಪಸ್ ಹೋಗಿ ಕೇಳಿದೆಯಲ್ಲ ತಂಗಿ, ಅದು ಒಳ್ಳೆಯದಾಯಿತು.

ಹಳೇ ಲ್ಯಾಬ್ ಕೋಟು

ಬಟ್ಟಲಿನ ಪರೀಕ್ಷೆಯ ಪದ್ಧತಿ ಪ್ರಕಟವಾಗಿದೆ, ಓದಿಕೊಂಡೇ ಶುರು ಮಾಡಬಹುದು. ಮೊದಲ ವಾರ ಔಷಧಿ ಏನೂ ಬೇಡ. ಪ್ರಾಣಿಗಳು ನಿನ್ನ ಕೈಗೆ ಪಳಗಲಿ, ಬಟ್ಟಲು ಕೆದಕುವುದು ಕಲಿಯಲಿ. ಅರ್ಜಿ ಹಾಕುವ ಹೊತ್ತಿಗೆ ಇಲ್ಲೇ ಬರಿ, ನಾನು ನೋಡಿಕೊಡುತ್ತೇನೆ.

ಪಂಜರದ ಕೀಲಿ

ಕೊಳವೆ ತರಿಸಿಕೊಳ್ಳಿ. ಪಂಜರಕ್ಕೊಂದು, ಸದಾ ಒಳಗೇ ಇರಲಿ.